ಕಾಯ್ದೆ ರದ್ದಾಯಿತೇ? ಮೊದಲು ಕೊನೆಯ ಪುಟ ಓದಿ

2025ರ ಸೆಪ್ಟೆಂಬರ್‌ನಲ್ಲಿ ಬೆಂಗಳೂರು ಐದು ಪಾಲಿಕೆಗಳಾಗಿ ಹಂಚಿಹೋದ ವಾರ, ನಮ್ಮ ರಸ್ತೆಯ ಹಿರಿಯರೊಬ್ಬರು ಹಳೆಯ ಆಸ್ತಿ ತೆರಿಗೆ ನೋಟಿಸ್ ಹಿಡಿದು ಗೇಟು ತೆಗೆದುಕೊಂಡು ಬಂದರು. ಮುಖದಲ್ಲಿ ಲಾಟರಿ ಹೊಡೆದ ಕಳೆ. "ಬಿಬಿಎಂಪಿ ಕಾಯ್ದೆಯೇ ರದ್ದಾಗಿದೆಯಂತೆ. ಕಾಯ್ದೆ ಇಲ್ಲ, ಬಿಬಿಎಂಪಿಯೂ ಇಲ್ಲ. ಇನ್ನು ಈ ಬಾಕಿಯನ್ನು ಯಾರಿಗೆ ಕಟ್ಟಬೇಕು, ನೀವೇ ಹೇಳಿ" ಎಂದರು. ಕಟ್ಟಲೇಬೇಕು ಸರ್, ಬಡ್ಡಿ ಬೆಳೆಯುವ ಮೊದಲೇ ಕಟ್ಟಿಬಿಡಿ ಎಂದೆ. ಕಾಫಿ ಕುಡಿದು ಹೋದರು, ನನ್ನ ಮಾತು ಮಾತ್ರ ಅವರಿಗೆ ಇಳಿಯಲಿಲ್ಲ.

ಅವರದು ದಡ್ಡತನವಲ್ಲ. ರದ್ದು ಎಂದರೆ ಸ್ಲೇಟು ಒರೆಸಿದ ಹಾಗೆ ಎಂದು ನಾವೆಲ್ಲ ತಿಳಿದಿದ್ದೇವೆ. ಕಾನೂನಿನಲ್ಲಿ ಹಾಗಾಗುವುದು ಅಪರೂಪ. ಕಾಯ್ದೆ ಹೋಗುವಾಗ ತನ್ನ ಸಾಲ, ಸೋಲ, ಹಕ್ಕು, ಕೇಸು ಎಲ್ಲವನ್ನೂ ಯಾರಿಗಾದರೂ ವಹಿಸಿ ಹೋಗುತ್ತದೆ. ಯಾರಿಗೆ ವಹಿಸಿದೆ ಎಂದು ಕಂಡುಕೊಳ್ಳುವ ಬಗೆಯನ್ನು ಮೊದಲು ಹೇಳುತ್ತೇನೆ. ಕಾಯ್ದೆಯೊಂದು ಹೋಗಲೇಬೇಕು ಎಂದು ನಿಮಗೇ ಅನಿಸಿದರೆ ಏನು ಮಾಡಬಹುದು ಎಂಬುದು ಆಮೇಲೆ.

ಸುದ್ದಿ ಯಾವ ಮೆಟ್ಟಿಲಿನಲ್ಲಿದೆ ನೋಡಿ

ಪತ್ರಿಕೆಯ ತಲೆಬರಹದಲ್ಲಿ "ರದ್ದು" ಎಂಬ ಎರಡಕ್ಷರ ಕನಿಷ್ಠ ಆರು ಬೇರೆ ಬೇರೆ ಸಂಗತಿಗಳಿಗೆ ದುಡಿಯುತ್ತದೆ. ಮಂತ್ರಿ ಘೋಷಿಸಿದರೂ ರದ್ದು, ಸಚಿವ ಸಂಪುಟ ಒಪ್ಪಿದರೂ ರದ್ದು, ವಿಧೇಯಕ ಮಂಡನೆಯಾದರೂ ರದ್ದು, ವಿಧಾನಸಭೆ ಅಂಗೀಕರಿಸಿದರೂ ರದ್ದು, ರಾಜ್ಯಪಾಲರು ಸಹಿ ಹಾಕಿದರೂ ರದ್ದು, ರಾಜ್ಯಪತ್ರದಲ್ಲಿ, ಅಂದರೆ ಸರ್ಕಾರಿ ಗೆಜೆಟ್‌ನಲ್ಲಿ, ಅಚ್ಚಾದರೂ ರದ್ದು. ನಿಮ್ಮ ಕೈಯಲ್ಲಿರುವ ಕಾಗದದ ಮಟ್ಟಿಗೆ ಲೆಕ್ಕಕ್ಕೆ ಬರುವುದು ಕೊನೆಯದೊಂದೇ. ಅದರಲ್ಲೂ ಒಂದು ತಕರಾರಿದೆ, ಮುಂದೆ ಹೇಳುತ್ತೇನೆ.

ಕಾಯ್ದೆಯನ್ನು ಹುಟ್ಟಿಸುವ ದಾರಿಯಲ್ಲೇ ಅದನ್ನು ತೆಗೆಯಬೇಕು. ಸಂಬಂಧಪಟ್ಟ ಇಲಾಖೆ ಪ್ರಸ್ತಾವ ಸಿದ್ಧಪಡಿಸುತ್ತದೆ, ಕಾನೂನು ಇಲಾಖೆ ನೋಡುತ್ತದೆ, ಸಂಸದೀಯ ವ್ಯವಹಾರಗಳು ಮತ್ತು ಶಾಸನ ರಚನೆ ಇಲಾಖೆಯಲ್ಲಿ ಕರಡಿಗೆ ರೂಪ ಬರುತ್ತದೆ. ಸಂಪುಟ ಒಪ್ಪಿದ ಮೇಲೆ 224 ಸದಸ್ಯರ ವಿಧಾನಸಭೆ, ಆಮೇಲೆ 75 ಸದಸ್ಯರ ವಿಧಾನ ಪರಿಷತ್ತು, ಆಮೇಲೆ ರಾಜ್ಯಪಾಲರು. ಸದನ ನಡೆಯದಿರುವಾಗ ಸರ್ಕಾರಕ್ಕೆ ಅವಸರವಾದರೆ ಸುಗ್ರೀವಾಜ್ಞೆ ಹೊರಡಿಸಬಹುದು. ಆದರೆ ಸದನ ಮತ್ತೆ ಸೇರಿದ ಆರು ವಾರಗಳೊಳಗೆ ಅದು ಕಾಯ್ದೆಯಾಗದಿದ್ದರೆ ಬಿದ್ದುಹೋಗುತ್ತದೆ.

ಮನಸ್ಸಿದ್ದರೆ ಈ ಮೆಟ್ಟಿಲುಗಳನ್ನು ಓಡಿಯೇ ಇಳಿಯಬಹುದು. ಮೂರು ಕೃಷಿ ಕಾಯ್ದೆಗಳನ್ನು ಹಿಂಪಡೆಯುತ್ತೇವೆ ಎಂದು ಪ್ರಧಾನಿ ಹೇಳಿದ್ದು 2021ರ ನವೆಂಬರ್ 19ರಂದು. ಸಂಸತ್ತಿನ ಎರಡೂ ಸದನಗಳು ನವೆಂಬರ್ 29ರ ಒಂದೇ ದಿನದಲ್ಲಿ ರದ್ದತಿ ವಿಧೇಯಕವನ್ನು ಅಂಗೀಕರಿಸಿದವು, ಮರುದಿನ ರಾಷ್ಟ್ರಪತಿಗಳ ಅಂಕಿತ ಬಿತ್ತು. ಘೋಷಣೆಗೂ ಅಂಕಿತಕ್ಕೂ ನಡುವಿನ ಅಷ್ಟೂ ದಿನ ಆ ಕಾಯ್ದೆಗಳು ಪುಸ್ತಕದಲ್ಲಿ ಹಾಗೆಯೇ ಇದ್ದವು. ಅವುಗಳ ಜಾರಿಯನ್ನು ಅದಕ್ಕೂ ಹತ್ತು ತಿಂಗಳ ಹಿಂದೆ, ಜನವರಿಯಲ್ಲೇ ತಡೆದಿದ್ದುದು ಸುಪ್ರೀಂ ಕೋರ್ಟ್, ಘೋಷಣೆಯಲ್ಲ.

ನಮ್ಮ ವಿಧಾನಸೌಧದಲ್ಲಿ ಅಷ್ಟು ಸಲೀಸಾಗಿ ನಡೆಯದ ಉದಾಹರಣೆಯೂ ಇದೆ. 2020ರ ಎಪಿಎಂಸಿ (ಕೃಷಿ ಮಾರುಕಟ್ಟೆ) ಕಾಯ್ದೆಯ ತಿದ್ದುಪಡಿಯನ್ನು ಹಿಂದಕ್ಕೆ ತಿರುಗಿಸುವ ವಿಧೇಯಕಕ್ಕೆ 2023ರ ಜುಲೈನಲ್ಲಿ ವಿಧಾನಸಭೆ ಒಪ್ಪಿಗೆ ಕೊಟ್ಟಿತು, ಪರಿಷತ್ತು ಅದನ್ನು ಪರಿಶೀಲನಾ ಸಮಿತಿಗೆ ಕಳಿಸಿತು. ಸಂವಿಧಾನದ 197ನೇ ವಿಧಿಯಂತೆ ಪರಿಷತ್ತು ಒಂದು ವಿಧೇಯಕವನ್ನು ಮೊದಲ ಸಲ ಮೂರು ತಿಂಗಳು, ವಿಧಾನಸಭೆ ಮತ್ತೆ ಅಂಗೀಕರಿಸಿ ಕಳಿಸಿದರೆ ಇನ್ನೊಂದು ತಿಂಗಳು ತಡೆಹಿಡಿಯಬಹುದು. ತಡೆಯಬಲ್ಲದು, ಕೊಲ್ಲಲಾರದು. ಮಂಡಿಯ ವ್ಯಾಪಾರಿಗೆ ಆ ಅವಧಿಯೇ ಒಂದು ಹಂಗಾಮು.

ಈಗ ತಕರಾರಿಗೆ ಬರೋಣ. ರಾಜ್ಯಪತ್ರದಲ್ಲಿ ಅಚ್ಚಾದ ಮಾತ್ರಕ್ಕೆ ಹೊಸ ಕಾಯ್ದೆ ಜಾರಿಗೆ ಬಂದಿರಬೇಕೆಂದಿಲ್ಲ. "ಸರ್ಕಾರವು ಅಧಿಸೂಚನೆಯ ಮೂಲಕ ಗೊತ್ತುಪಡಿಸುವ ದಿನಾಂಕದಂದು ಜಾರಿಗೆ ಬರತಕ್ಕದ್ದು" ಎಂಬ ಸಾಲು ಹಲವು ಕಾಯ್ದೆಗಳ ಮೊದಲ ಸೆಕ್ಷನ್ನಿನಲ್ಲೇ ಇರುತ್ತದೆ. ಆ ದಿನ ಬರುವವರೆಗೆ ಹಳೆಯದೇ ಗಟ್ಟಿ. ನಾಲ್ಕು ಕಾರ್ಮಿಕ ಸಂಹಿತೆಗಳಿಗೆ ಸಂಸತ್ತು ಒಪ್ಪಿಗೆ ಕೊಟ್ಟಿದ್ದು 2019 ಮತ್ತು 2020ರಲ್ಲಿ, ಅವು ಜಾರಿಗೆ ಬಂದದ್ದು 2025ರ ನವೆಂಬರ್ 21ರಂದು. ಅವುಗಳ ಹೊಟ್ಟೆಯೊಳಗೆ ಸೇರಬೇಕಿದ್ದ 29 ಹಳೆಯ ಕಾನೂನುಗಳು ಅಷ್ಟೂ ವರ್ಷ ಜೀವಂತವಾಗಿದ್ದವು. ಪೀಣ್ಯದ ಕಾರ್ಖಾನೆಯಲ್ಲಿ 2022ರಲ್ಲಿ ಕೆಲಸ ಕಳೆದುಕೊಂಡವರು "ಹೊಸ ಸಂಹಿತೆ ಬಂದಿದೆಯಲ್ಲ" ಎಂದುಕೊಂಡಿದ್ದರೆ ತಪ್ಪಾದ ಪುಸ್ತಕ ಹಿಡಿದಂತೆ.

ನಮ್ಮ ಹಿರಿಯರ ನೋಟಿಸಿಗೂ ಎರಡು ದಿನಾಂಕಗಳಿವೆ. ಗ್ರೇಟರ್ ಬೆಂಗಳೂರು ಆಡಳಿತ ಅಧಿನಿಯಮ ಜಾರಿಗೆ ಬಂದದ್ದು 2025ರ ಮೇ 15ರಂದು, ಐದು ಪಾಲಿಕೆಗಳು ಅಸ್ತಿತ್ವಕ್ಕೆ ಬಂದದ್ದು ಸೆಪ್ಟೆಂಬರ್ 2ರಂದು. ನಡುವಿನ ಮೂರೂವರೆ ತಿಂಗಳು ಫಲಕದಲ್ಲಿ ಬಿಬಿಎಂಪಿ ಎಂದೇ ಇತ್ತು. ಹೀಗೆ ಎರಡು ಮೂರು ದಿನಾಂಕಗಳು ಸಿಕ್ಕಿದಾಗ ಎಲ್ಲವನ್ನೂ ಒಂದು ಹಾಳೆಯಲ್ಲಿ ಬರೆದು, ನಿಮ್ಮ ಕಾಗದದ ದಿನಾಂಕವನ್ನು ಅವುಗಳ ಪಕ್ಕದಲ್ಲಿಡಿ. ಅರ್ಧ ಗೊಂದಲ ಅಲ್ಲಿಯೇ ಕರಗುತ್ತದೆ.

ಹೋದದ್ದು ಕಾಯ್ದೆಯೋ, ಆದೇಶವೋ?

ಇದನ್ನು ಬೇಗ ಮುಗಿಸುತ್ತೇನೆ. ಶಾಸನಸಭೆ ಮಾಡಿದ್ದನ್ನು ಶಾಸನಸಭೆಯೇ ತೆಗೆಯಬೇಕು. ಸರ್ಕಾರ ಹೊರಡಿಸಿದ ಆದೇಶ, ಅಧಿಸೂಚನೆ, ಸುತ್ತೋಲೆಗಳನ್ನು ಸರ್ಕಾರವೇ ಇನ್ನೊಂದು ಆದೇಶದಿಂದ ಹಿಂಪಡೆಯಬಹುದು, ಅದಕ್ಕೆ ಸದನ ಬೇಕಿಲ್ಲ. ಭ್ರಷ್ಟಾಚಾರ ನಿಗ್ರಹ ದಳವನ್ನು 2016ರಲ್ಲಿ ಕಟ್ಟಿದ್ದು ಸರ್ಕಾರಿ ಆದೇಶ. 2022ರ ಆಗಸ್ಟ್‌ನಲ್ಲಿ ಹೈಕೋರ್ಟ್ ಆ ಆದೇಶವನ್ನು ರದ್ದುಪಡಿಸಿತು, ದಳವೂ ಹೋಯಿತು. ಅಲ್ಲಿ ಯಾವ ಕಾಯ್ದೆಯೂ ರದ್ದಾಗಲಿಲ್ಲ.

ಇನ್ನೊಂದು ಸೂಕ್ಷ್ಮವಿದೆ. ಕೆಲವೊಮ್ಮೆ ಕಾಯ್ದೆ ಹಾಗೆಯೇ ಇರುತ್ತದೆ, ನಿಮ್ಮ ಊರು ಮಾತ್ರ ಅದರ ವ್ಯಾಪ್ತಿಯಿಂದ ಹೊರಬೀಳುತ್ತದೆ. 2021ರ ಜನವರಿ 11ರಂದು ಬಿಬಿಎಂಪಿ ಅಧಿನಿಯಮ ಜಾರಿಗೆ ಬಂದಾಗ 1976ರ ಕರ್ನಾಟಕ ಮಹಾನಗರಪಾಲಿಕೆಗಳ ಅಧಿನಿಯಮ ಸಾಯಲಿಲ್ಲ. ಮೈಸೂರು, ಹುಬ್ಬಳ್ಳಿ–ಧಾರವಾಡ ಅದರಡಿಯಲ್ಲೇ ಮುಂದುವರಿದವು, ಬೆಂಗಳೂರು ಆಚೆ ಬಂತು. ಹಳೆಯ ಕಾಯ್ದೆಯಡಿ ರಚಿಸಿದ್ದ 2003ರ ಕಟ್ಟಡ ಬೈಲಾಗಳು ಮಾತ್ರ ನಗರದ ಜೊತೆಯಲ್ಲೇ ಗಂಟುಮೂಟೆ ಕಟ್ಟಿಕೊಂಡು ಬಂದವು.

ಕೊನೆಯ ಪುಟ

ಈಗ ಮುಖ್ಯ ಕೆಲಸ. ಹೊಸ ಕಾಯ್ದೆಯನ್ನು ಹಿಡಿದು ನೇರವಾಗಿ ಕೊನೆಯ ಪುಟಗಳಿಗೆ ಹೋಗಿ. "ನಿರಸನ ಮತ್ತು ಉಳಿಸುವಿಕೆ" ಎಂಬ ಶೀರ್ಷಿಕೆ ಕಾಣುತ್ತದೆ. ನಾವು ರದ್ದು ಎನ್ನುವುದನ್ನು ಶಾಸನದ ಕನ್ನಡ ನಿರಸನ ಎನ್ನುತ್ತದೆ, ಸೆಕ್ಷನ್ನನ್ನು ಪ್ರಕರಣ ಎನ್ನುತ್ತದೆ, ಕಾಯ್ದೆಯನ್ನು ಅಧಿನಿಯಮ ಎನ್ನುತ್ತದೆ. ಈ ಮೂರು ಪದ ಗೊತ್ತಿದ್ದರೆ ಸಾಕು, ಉಳಿದದ್ದು ತಾಳ್ಮೆಯ ಪ್ರಶ್ನೆ. ಕನ್ನಡ ಪಠ್ಯದಲ್ಲಿ ಅನುಮಾನ ಬಂದರೆ ಇಂಗ್ಲಿಷ್ ಪಠ್ಯವನ್ನೂ ಪಕ್ಕದಲ್ಲಿಡಿ. ರಾಜ್ಯಪಾಲರ ಅಧಿಕಾರದಡಿ ರಾಜ್ಯಪತ್ರದಲ್ಲಿ ಪ್ರಕಟವಾದ ಇಂಗ್ಲಿಷ್ ಅನುವಾದವನ್ನೇ ಅಧಿಕೃತ ಪಠ್ಯವೆಂದು ಭಾವಿಸಬೇಕೆಂದು ಸಂವಿಧಾನದ 348(3)ನೇ ವಿಧಿ ಹೇಳುತ್ತದೆ. ಕನ್ನಡದವರಾಗಿ ಇದು ನುಂಗಲು ಕಷ್ಟದ ತುತ್ತು, ಆದರೂ ನುಂಗಿಯೇ ಮುಂದೆ ಹೋಗಬೇಕು.

ಆ ಸೆಕ್ಷನ್ನಿನ ಮೊದಲ ಉಪಖಂಡ ಯಾವ ಕಾಯ್ದೆ ಹೋಯಿತು ಎನ್ನುತ್ತದೆ. ನಿಮ್ಮ ಹಣೆಬರಹ ಇರುವುದು ಎರಡನೆಯದರಲ್ಲಿ: "ಹಾಗೆ ನಿರಸನವಾಗಿದ್ದಾಗ್ಯೂ" ಎಂಬ ಧಾಟಿಯಲ್ಲಿ ಶುರುವಾಗಿ, ಹಿಂದೆ ಕೊಟ್ಟ ಆದೇಶ, ವಿಧಿಸಿದ ತೆರಿಗೆ, ಹೊರಡಿಸಿದ ನೋಟಿಸ್, ನಡೆಯುತ್ತಿರುವ ವ್ಯಾಜ್ಯ ಎಲ್ಲವೂ ಹೊಸ ಕಾಯ್ದೆಯಡಿಯಲ್ಲೇ ಆದಂತೆ ಭಾವಿಸಬೇಕು ಎಂಬ ಅರ್ಥದ ಉದ್ದನೆಯ ವಾಕ್ಯ. ಅಂಥ ಉಳಿಸುವಿಕೆ ಇಲ್ಲದಿದ್ದರೂ ಗಾಬರಿಯಾಗಬೇಡಿ. ಕೇಂದ್ರದ ಕಾಯ್ದೆಗಳಿಗೆ 1897ರ, ನಮ್ಮ ರಾಜ್ಯದ ಕಾಯ್ದೆಗಳಿಗೆ 1899ರ ಸಾಮಾನ್ಯ ಖಂಡಗಳ ಅಧಿನಿಯಮ ಇದೆ. ಎರಡರಲ್ಲೂ 6ನೇ ಸೆಕ್ಷನ್ ಇದಕ್ಕೇ ಮೀಸಲು. ಬೇರೆ ಉದ್ದೇಶ ಕಾಣದ ಹೊರತು, ರದ್ದತಿಗೆ ಮೊದಲು ಹುಟ್ಟಿದ ಹಕ್ಕೂ ಉಳಿಯುತ್ತದೆ, ಋಣವೂ ಉಳಿಯುತ್ತದೆ, ಶಿಕ್ಷೆಯೂ ಉಳಿಯುತ್ತದೆ, ಕೇಸೂ ನಡೆಯುತ್ತದೆ. ಹಿರಿಯರ ತೆರಿಗೆ ಬಾಕಿ ಈ ಹಗ್ಗಕ್ಕೇ ಕಟ್ಟಿಕೊಂಡಿದ್ದು.

ಅವರು ಎರಡನೇ ಸಲ ಬಂದಾಗ ನಾನು ಅಧಿನಿಯಮದ ಪ್ರಿಂಟ್ ತೆಗೆಯಲಿಲ್ಲ, ಅವರದೇ ಮನೆಯ ಪತ್ರ ತರಲು ಹೇಳಿದೆ. ಜಯನಗರದ ನಿವೇಶನ, ಅವರ ತಂದೆಗೆ ಮಂಜೂರಾದದ್ದು. ಮಡಿಕೆಗಳಲ್ಲಿ ಹರಿಯುತ್ತಿರುವ ಹಾಳೆಗೆ ಹಿಂದಿನಿಂದ ಬಟ್ಟೆ ಅಂಟಿಸಿದ್ದಾರೆ, ಮೇಲೆ ಸಿಐಟಿಬಿ (ಸಿಟಿ ಇಂಪ್ರೂವ್‌ಮೆಂಟ್ ಟ್ರಸ್ಟ್ ಬೋರ್ಡ್) ಮೊಹರು. ಆ ಟ್ರಸ್ಟ್ ಬೋರ್ಡನ್ನು ಹುಟ್ಟಿಸಿದ್ದು 1945ರ ಬೆಂಗಳೂರು ನಗರ ಸುಧಾರಣಾ ಕಾಯ್ದೆ. 1976ರಲ್ಲಿ ಬಿಡಿಎ ಅಧಿನಿಯಮ ಬಂದು ಅದನ್ನು ನಿರಸನಗೊಳಿಸಿತು. "ಕಾಯ್ದೆ ಹೋದರೆ ಅದರಡಿ ಆದದ್ದೆಲ್ಲ ಹೋಗುತ್ತದೆ ಎನ್ನುವುದಾದರೆ ಸರ್, ನಿಮ್ಮ ಮನೆ ಎಲ್ಲಿ ನಿಂತಿದೆ?" ಎಂದು ಕೇಳಿದೆ. ಅವರು ಪತ್ರವನ್ನು ಮಡಚಿ ಪ್ಲಾಸ್ಟಿಕ್ ಕವರಿಗೆ ಸೇರಿಸಿದರು. ಮನೆಯನ್ನು ಉಳಿಸಿದ ವಾಕ್ಯವೇ ಬಾಕಿಯನ್ನೂ ಉಳಿಸುತ್ತದೆ ಎಂದು ಅವರಿಗೆ ಬಿಡಿಸಿ ಹೇಳಬೇಕಾಗಲಿಲ್ಲ.

ಆದರೆ 6ನೇ ಸೆಕ್ಷನ್ನನ್ನು ಮಂತ್ರದಂತೆ ಜಪಿಸಬೇಡಿ. "ಬೇರೆ ಉದ್ದೇಶ ಕಾಣದ ಹೊರತು" ಎಂಬ ಮಾತಿಗೆ ಬೆಂಗಳೂರಿನ ಸುತ್ತಲೇ ಎರಡು ದೊಡ್ಡ ನಿದರ್ಶನಗಳಿವೆ.

ಒಂದು, ನಗರ ಭೂಮಿತಿ ಕಾಯ್ದೆ, ಅಂದರೆ ನಗರದಲ್ಲಿ ಒಬ್ಬರು ಇಟ್ಟುಕೊಳ್ಳಬಹುದಾದ ಖಾಲಿ ಜಾಗಕ್ಕೆ ಮಿತಿ ಹಾಕಿದ್ದು. 1976ರಲ್ಲಿ ಬಂದ ಇದನ್ನು ಸಂಸತ್ತು 1999ರಲ್ಲಿ ರದ್ದು ಮಾಡಿತು. ಮೂಲ ಕಾಯ್ದೆ ರಾಜ್ಯಗಳ ಕೋರಿಕೆಯ ಮೇರೆಗೆ ಸಂವಿಧಾನದ 252ನೇ ವಿಧಿಯಡಿ ಆದದ್ದು. ಹಾಗಾಗಿ ರದ್ದತಿಯನ್ನೂ ಪ್ರತಿ ರಾಜ್ಯ ನಿರ್ಣಯ ಮಾಡಿ ತನ್ನದಾಗಿಸಿಕೊಳ್ಳಬೇಕಿತ್ತು, ಕರ್ನಾಟಕ ಅದೇ ವರ್ಷದ ಜುಲೈನಲ್ಲಿ ಆ ಕೆಲಸ ಮಾಡಿತು. ರದ್ದತಿ ಕಾಯ್ದೆ ಜಮೀನುಗಳ ನಡುವೆ ಗೆರೆ ಎಳೆದದ್ದು ಹೀಗೆ: ಹೆಚ್ಚುವರಿ ಎಂದು ಘೋಷಿಸಿ ಸರ್ಕಾರ ಅಷ್ಟರೊಳಗೆ ಸ್ವಾಧೀನ ಪಡೆದುಕೊಂಡಿದ್ದರೆ ಆ ಜಮೀನು ಸರ್ಕಾರದ್ದೇ, ಸ್ವಾಧೀನ ಪಡೆಯದಿದ್ದರೆ ಆ ಪ್ರಕ್ರಿಯೆ ಅಲ್ಲಿಗೇ ನಿಂತುಹೋಯಿತು. ಅಲ್ಲಿಂದ ಜಗಳವೆಲ್ಲ "ಸ್ವಾಧೀನ" ಎಂಬ ಒಂದು ಪದದ ಸುತ್ತ ತಿರುಗಿತು. ಕಡತದಲ್ಲಿ ಮಹಜರ್ ಇದೆ, ಜಾಗದಲ್ಲಿ ಮಾಲೀಕನ ತೆಂಗಿನ ಮರಗಳೇ ಇವೆ ಎಂದರೆ ಯಾವುದು ಸ್ವಾಧೀನ? ಕಾಗದದ ಮೇಲಿನ ಸ್ವಾಧೀನ ಸಾಲದು, ನಿಜವಾಗಿ ವಶಕ್ಕೆ ಪಡೆದಿರಬೇಕು ಎಂದು 2013ರಲ್ಲಿ ಉತ್ತರ ಪ್ರದೇಶದ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಹಳೆಯ ಬಡಾವಣೆಗಳಲ್ಲಿ ನಿವೇಶನ ಕೊಳ್ಳುವವರು "ಭೂಮಿತಿ ಕಾಯ್ದೆ ಹೋಗಿ ಕಾಲವಾಯಿತು, ಚಿಂತೆ ಬೇಡ" ಎಂಬ ದಲ್ಲಾಳಿಯ ಮಾತಿಗೆ ತಲೆದೂಗುವ ಮೊದಲು ಸ್ವಾಧೀನದ ಕಾಗದ ಕೇಳುವುದು ಇದಕ್ಕಾಗಿ.

ಎರಡು, ಭೂಸುಧಾರಣಾ ಕಾಯ್ದೆಯ 79ಎ ಮತ್ತು 79ಬಿ. ಕೃಷಿಕರಲ್ಲದವರು, ಹೆಚ್ಚು ವರಮಾನ ಉಳ್ಳವರು ಕೃಷಿ ಜಮೀನು ಕೊಳ್ಳದಂತೆ ತಡೆದಿದ್ದ ಸೆಕ್ಷನ್‌ಗಳು. 2020ರ ತಿದ್ದುಪಡಿ ಇವನ್ನು ತೆಗೆದದ್ದು ಅಂದಿನಿಂದಲ್ಲ, 1974ರ ಮಾರ್ಚ್ 1ರಿಂದಲೇ ಇರಲಿಲ್ಲ ಎಂಬಂತೆ. ಬಾಕಿ ಇದ್ದ ಕೇಸುಗಳು ಬಿದ್ದುಹೋದವು. ದೇವನಹಳ್ಳಿ, ಆನೇಕಲ್ ಕಡೆ ಅಂಥ ನೋಟಿಸ್ ಹಿಡಿದು ಓಡಾಡುತ್ತಿದ್ದವರಿಗೆ ಇದು ನಿಜಕ್ಕೂ ಒರೆಸಿದ ಸ್ಲೇಟು. ಇದು ಸರಿಯೋ ತಪ್ಪೋ ಎಂಬುದು ಬೇರೆಯೇ ಚರ್ಚೆ, ನನ್ನ ಮಟ್ಟಿಗೆ ಅಷ್ಟು ಹಿಂದಕ್ಕೆ ಹೋಗಿ ಒರೆಸಿದ್ದು ಸರಿ ಕಾಣಲಿಲ್ಲ. ಕಾಯ್ದೆಗೆ ಹೆದರಿ ಕೊಳ್ಳದೇ ಉಳಿದವರು ಪೆದ್ದರಾದರು.

ಅಪರಾಧದ ವಿಷಯದಲ್ಲಿ ಲೆಕ್ಕ ನೇರ. 2024ರ ಜುಲೈ 1ಕ್ಕೆ ಮೊದಲು ನಡೆದ ಕೃತ್ಯಕ್ಕೆ ಐಪಿಸಿ, ಅಂದಿನಿಂದ ಆದದ್ದಕ್ಕೆ ಭಾರತೀಯ ನ್ಯಾಯ ಸಂಹಿತೆ. ದೂರು ಯಾವಾಗ ಕೊಟ್ಟಿರಿ ಎಂಬುದಲ್ಲ, ಕೃತ್ಯ ಯಾವಾಗ ನಡೆಯಿತು ಎಂಬುದು ಮುಖ್ಯ. ಹಾಗಾಗಿ ಐಪಿಸಿ ಪುಸ್ತಕವನ್ನು ರದ್ದಿಗೆ ಹಾಕುವ ಕಾಲ ಇನ್ನೂ ಬಂದಿಲ್ಲ.

ರದ್ದಾದಂತೆ ಕಾಣುವ ಕೆಲವು

ಕೋರ್ಟ್ ಅಸಿಂಧು ಎಂದದ್ದು ರದ್ದತಿಯಲ್ಲ. ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ಎ ಸೆಕ್ಷನ್ನನ್ನು ಸುಪ್ರೀಂ ಕೋರ್ಟ್ 2015ರ ಮಾರ್ಚ್ 24ರಂದು ಅಸಿಂಧುಗೊಳಿಸಿತು. ಪುಸ್ತಕದಲ್ಲಿ ಸಾಲು ಉಳಿದಿದ್ದರಿಂದ ದೇಶದ ಹಲವೆಡೆ ಪೊಲೀಸರು ಆಮೇಲೂ ಅದರಡಿ ಕೇಸು ಹಾಕುತ್ತಲೇ ಇದ್ದರು. ಹಾಗೆ ಮಾಡಕೂಡದು ಎಂದು 2022ರಲ್ಲಿ ಕೋರ್ಟ್ ಮತ್ತೊಮ್ಮೆ ಹೇಳಬೇಕಾಯಿತು. ನೋಟಿಸಿನಲ್ಲಿ ಸೆಕ್ಷನ್ ಕಂಡಿತೆಂದು ಅದಕ್ಕೆ ಜೀವ ಇದೆ ಎಂದುಕೊಳ್ಳಬಾರದು.

ಇದರ ತಿರುಗುಮುರುಗು ತಪ್ಪೂ ಇದೆ: ಯಾರೂ ಬಳಸುತ್ತಿಲ್ಲ, ಆದ್ದರಿಂದ ಸತ್ತಿದೆ ಎನ್ನುವುದು. ಕಾಯ್ದೆಗೆ ಹಸಿವಿನಿಂದ ಸಾವಿಲ್ಲ. ಬಹುಕಾಲ ಬಳಕೆ ತಪ್ಪಿ, ಅದಕ್ಕೆ ವಿರುದ್ಧವಾದ ರೂಢಿಯೇ ಬೇರೂರಿದ್ದರೆ ಕಾಯ್ದೆ ಬಿದ್ದುಹೋದಂತೆ ಎಂಬ ತತ್ವವನ್ನು 1995ರಲ್ಲಿ ಪುಣೆ ಪಾಲಿಕೆಯ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಒಪ್ಪಿದ್ದುಂಟು. ಆದರೆ ಅದನ್ನು ಸಾಬೀತು ಮಾಡುವ ಹೊರೆ ನಿಮ್ಮ ಹೆಗಲಿಗೆ ಬೀಳುತ್ತದೆ. ಅದನ್ನು ನೆಚ್ಚಿಕೊಂಡು ದಂಡ ಕಟ್ಟದೇ ಕೂರಬೇಡಿ.

"ಕೇಂದ್ರ ಒಂದೇ ಏಟಿಗೆ 76 ಕಾನೂನು ರದ್ದು ಮಾಡಿತು" ಎಂಬಂಥ ಸುದ್ದಿಗೂ ಬೆಚ್ಚಬೇಡಿ. 2023ರ ನಿರಸನ ಮತ್ತು ತಿದ್ದುಪಡಿ ಕಾಯ್ದೆ ಅಂಥದ್ದು. ಇಂಥ ಪಟ್ಟಿಗಳಲ್ಲಿ ಬಹಳಷ್ಟು ಬರಿಯ ತಿದ್ದುಪಡಿ ಕಾಯ್ದೆಗಳು. ಅವುಗಳ ತಿದ್ದುಪಡಿ ಮೂಲ ಕಾಯ್ದೆಯೊಳಗೆ ಆಗಲೇ ಬೆರೆತಿರುತ್ತದೆ, ಕಾಫಿಗೆ ಹಾಕಿದ ಸಕ್ಕರೆಯ ಹಾಗೆ. ಖಾಲಿ ಪೊಟ್ಟಣವನ್ನು ಈಗ ಎಸೆಯುತ್ತಾರೆ, ಅಷ್ಟೇ.

ಇನ್ನು ನನ್ನದೇ ಪೆಚ್ಚುತನ. ಬಾಡಿಗೆ ತಕರಾರೊಂದರಲ್ಲಿ ಸ್ನೇಹಿತರಿಗೆ ನೆರವಾಗಲು ಹೋಗಿ, ಅವೆನ್ಯೂ ರಸ್ತೆಯಲ್ಲಿ ಹಳೆಯ ಪುಸ್ತಕಗಳ ರಾಶಿಯಿಂದ ಬಾಡಿಗೆ ನಿಯಂತ್ರಣ ಕಾಯ್ದೆಯ ಪ್ರತಿ ಆರಿಸಿ ತಂದು, ಸೆಕ್ಷನ್ ಸಮೇತ ಎರಡು ಪುಟ ಉತ್ತರ ಬರೆದುಕೊಟ್ಟಿದ್ದೆ. ಹಿರಿಯ ವಕೀಲರೊಬ್ಬರು ಅದನ್ನು ಓದಿ, ಕನ್ನಡಕ ತೆಗೆದು, "ಇದು 1961ರದ್ದು. ತೀರಿಕೊಂಡು ವರ್ಷಗಳಾದವು, ತಿಥಿಯೂ ಆಗಿದೆ" ಎಂದರು. 1999ರ ಬಾಡಿಗೆ ಅಧಿನಿಯಮ 2001ರ ಡಿಸೆಂಬರ್ 31ರಂದೇ ಅದರ ಜಾಗಕ್ಕೆ ಬಂದಿತ್ತು. ಅಂದಿನಿಂದ ಯಾವ ಬೇರ್ ಆಕ್ಟ್ (ಕಾಯ್ದೆಯ ಪಠ್ಯವಷ್ಟೇ ಇರುವ ಪುಸ್ತಕ) ಕೈಗೆತ್ತಿಕೊಂಡರೂ ಮೊದಲು ಮುದ್ರಣದ ವರ್ಷ ನೋಡುತ್ತೇನೆ, ಆಮೇಲೆ ಇಂಡಿಯಾ ಕೋಡ್ ಜಾಲತಾಣದಲ್ಲಿ ತಾಳೆ ಹಾಕುತ್ತೇನೆ. ರಾಜ್ಯದ ಕಾಯ್ದೆಯಾದರೆ ಶಾಸನ ರಚನೆ ಇಲಾಖೆಯ ಜಾಲತಾಣ ಮತ್ತು ಇ-ರಾಜ್ಯಪತ್ರ. 1973ಕ್ಕೆ ಮೊದಲಿನ ಕಾಯ್ದೆಗಳನ್ನು ಹುಡುಕುವವರಿಗೆ ಒಂದು ಸುಳಿವು: ಮೂಲ ಗೆಜೆಟ್‌ನಲ್ಲಿ ಅವುಗಳ ಹೆಸರಿನ ಮುಂದೆ "ಕರ್ನಾಟಕ" ಇರುವುದಿಲ್ಲ, "ಮೈಸೂರು" ಇರುತ್ತದೆ.

ನೀವೇ ಒಂದನ್ನು ತೆಗೆಸಬೇಕೆಂದರೆ

ಫ್ರೀಡಂ ಪಾರ್ಕಿನಲ್ಲಿ ಫಲಕ ಹಿಡಿಯುವುದು ಬೇಡ ಎನ್ನುವವನು ನಾನಲ್ಲ. ಆದರೆ ಫಲಕದಲ್ಲಿ "ಕಾಯ್ದೆ ರದ್ದು ಮಾಡಿ" ಎಂದಷ್ಟೇ ಇರುತ್ತದೆ, ಮನವಿಪತ್ರದಲ್ಲಿ ಅದಕ್ಕಿಂತ ಹೆಚ್ಚಿನದು ಇರಬೇಕು. ಇಡೀ ಕಾಯ್ದೆ ಹೋಗಬೇಕೋ, ಒಂದು ಸೆಕ್ಷನ್ ಹೋದರೆ ಸಾಕೋ ಎಂದು ಮೊದಲು ತೀರ್ಮಾನಿಸಿ. ಬಹುತೇಕ ಸಂದರ್ಭಗಳಲ್ಲಿ ಒಂದು ಸೆಕ್ಷನ್ ಸಾಕು, ಅದು ಸುಲಭವೂ ಹೌದು. ನಿಮ್ಮನ್ನು ಕಾಡುತ್ತಿರುವುದು ಕಾಯ್ದೆಯಲ್ಲ, ಅದರಡಿಯ ನಿಯಮ ಎಂದು ಗೊತ್ತಾದರೆ ಇನ್ನೂ ಸುಲಭ, ಸದನದ ತನಕ ಹೋಗಬೇಕಿಲ್ಲ.

ಮೂಲ ವಿಧೇಯಕದ ಜೊತೆ ಅಚ್ಚಾಗಿರುವ "ಉದ್ದೇಶಗಳು ಮತ್ತು ಕಾರಣಗಳ ಹೇಳಿಕೆ" ಹುಡುಕಿ ಓದಿ. ಅಂದು ಹೇಳಿದ ಕಾರಣ ಇಂದು ಉಳಿದಿಲ್ಲ ಎಂದು ತೋರಿಸುವುದಕ್ಕಿಂತ ಗಟ್ಟಿಯಾದ ವಾದ ಇಲ್ಲ. ಆಮೇಲೆ, ಯಾರೂ ಬರೆಯದ ಒಂದು ಪ್ಯಾರಾವನ್ನು ನೀವು ಬರೆಯಿರಿ: ಕಾಯ್ದೆ ಹೋದರೆ ಅದರಡಿ ಈಗಾಗಲೇ ಪರವಾನಗಿ ಪಡೆದವರ, ದಂಡ ಕಟ್ಟಿದವರ, ಕೇಸಿನಲ್ಲಿರುವವರ ಗತಿ ಏನಾಗಬೇಕು? ಅಂದರೆ ಉಳಿಸುವಿಕೆ ಹೇಗಿರಬೇಕು? ಇದನ್ನು ಬರೆದುಕೊಟ್ಟ ಮನವಿ ಕಾರ್ಯದರ್ಶಿಯ ಮೇಜಿನ ಮೇಲೆ ಬೇರೆಯೇ ಆಗಿ ಕಾಣುತ್ತದೆ, ಏಕೆಂದರೆ ಕಡತ ಸಾಮಾನ್ಯವಾಗಿ ತೆವಳುವುದು ಆ ಪ್ರಶ್ನೆಯ ಬಳಿಯೇ.

ಮನವಿಯನ್ನು ವಿಷಯಕ್ಕೆ ಸಂಬಂಧಿಸಿದ ಇಲಾಖೆಗೆ ಕೊಡಿ. ಕಾನೂನು ಇಲಾಖೆಗೆ ಪ್ರತಿ ಕಳಿಸಿ, ಆದರೆ ಪ್ರಸ್ತಾವ ಹೊರಡಬೇಕಾದದ್ದು ಮಾತೃ ಇಲಾಖೆಯಿಂದ. ನಿಮ್ಮ ಶಾಸಕರಿಗೂ, ನಿಮ್ಮ ಕ್ಷೇತ್ರದ ಪರಿಷತ್ ಸದಸ್ಯರಿಗೂ ಕೊಡಿ. ಅವರು ಪ್ರಶ್ನೆ ಕೇಳಬಹುದು, ಖಾಸಗಿ ಸದಸ್ಯರ ವಿಧೇಯಕವನ್ನೂ ತರಬಹುದು. ಅಂಥ ವಿಧೇಯಕ ಗೆಲ್ಲುವುದು ಅಪರೂಪ, ಆದರೂ ಸರ್ಕಾರದಿಂದ ಸದನದಲ್ಲಿ ಒಂದು ಉತ್ತರವಾದರೂ ಹೊರಬರುತ್ತದೆ, ಅದು ಕಡತಕ್ಕೆ ಸೇರುತ್ತದೆ. ಸದನದ ಅರ್ಜಿ ಸಮಿತಿಯ ದಾರಿಯೂ ಇದೆ. ಹೈಕೋರ್ಟಿಗೆ ಹೋಗುವುದಾದರೆ ಒಂದು ಮಾತು ನೆನಪಿರಲಿ: ಕಾಯ್ದೆ ಸಂವಿಧಾನಬಾಹಿರ ಎಂದು 226ನೇ ವಿಧಿಯಡಿ ಹೊಡೆದುಹಾಕಿಸಬಹುದು, ಆದರೆ "ಈ ಕಾಯ್ದೆಯನ್ನು ರದ್ದು ಮಾಡಿ" ಎಂದು ಶಾಸನಸಭೆಗೆ ಆಜ್ಞೆ ಮಾಡಿಸಲಾಗದು. ಹಳೆಯದು, ಕೆಲಸಕ್ಕೆ ಬಾರದ್ದು ಎಂಬ ಕಾರಣ ಅಲ್ಲಿ ನಡೆಯುವುದಿಲ್ಲ.

ರದ್ದತಿ ಎಲ್ಲಿಗೆ ಬಂತು ಎಂದು ತಿಳಿಯಲು ಮಾಹಿತಿ ಹಕ್ಕಿನ ಅರ್ಜಿ ಸಾಕು. ಶುಲ್ಕ 10 ರೂಪಾಯಿ, ಪೋಸ್ಟಲ್ ಆರ್ಡರ್ ನಡೆಯುತ್ತದೆ. ಕರ್ನಾಟಕದ ನಿಯಮದಂತೆ ಒಂದು ಅರ್ಜಿಯಲ್ಲಿ ಒಂದೇ ವಿಷಯ, ಸುಮಾರು 150 ಪದಗಳ ಮಿತಿ. "ಈ ಕಾಯ್ದೆ ಜಾರಿಯಲ್ಲಿದೆಯೇ?" ಎಂದು ಕೇಳಿದರೆ ಅಭಿಪ್ರಾಯ ಕೊಡಲು ಬರುವುದಿಲ್ಲ ಎಂದು ಕೈತೊಳೆದುಕೊಳ್ಳಬಹುದು. ದಾಖಲೆಯನ್ನೇ ಕೇಳಿ. ನಾನು ಬಳಸುವ ಒಕ್ಕಣೆ ಇದು, ಬೇಕಾದವರು ನಕಲು ಮಾಡಿಕೊಳ್ಳಿ:

"_____ ಅಧಿನಿಯಮವನ್ನು ನಿರಸನಗೊಳಿಸಿದ ಅಧಿನಿಯಮದ ಪ್ರತಿ, ಅದು ಜಾರಿಗೆ ಬರುವ ದಿನಾಂಕವನ್ನು ಗೊತ್ತುಪಡಿಸಿದ ಅಧಿಸೂಚನೆಯ ಪ್ರತಿ ಹಾಗೂ ಅವು ಪ್ರಕಟವಾದ ರಾಜ್ಯಪತ್ರದ ಪುಟಗಳ ದೃಢೀಕೃತ ಪ್ರತಿಗಳನ್ನು ಒದಗಿಸಲು ಕೋರುತ್ತೇನೆ. ಅಂಥ ಅಧಿಸೂಚನೆ ಹೊರಡದಿದ್ದಲ್ಲಿ, ಈ ಸಂಬಂಧದ ಕಡತದ ಟಿಪ್ಪಣಿ ಹಾಳೆಗಳ ಪ್ರತಿಗಳನ್ನು ಒದಗಿಸಲು ಕೋರುತ್ತೇನೆ."

ಉತ್ತರ ಬರಬೇಕಾದದ್ದು 30 ದಿನಗಳಲ್ಲಿ. ಕೊನೆಯ ವಾಕ್ಯವನ್ನು ಬಿಡಬೇಡಿ, ಅದಿಲ್ಲದಿದ್ದರೆ "ಲಭ್ಯವಿಲ್ಲ" ಎಂಬ ಒಂದು ಸಾಲಿನ ಉತ್ತರಕ್ಕೆ ನೀವೇ ದಾರಿ ಮಾಡಿಕೊಟ್ಟಂತೆ.